ತಲೆ ಬಗ್ಗಿಸಿದ ಒತ್ತಕ್ಷರ

ಅಮೃತಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಸ್ಮಿತಾ ಎದುರಿನ ಫ್ಲೆಕ್ಸ್ ನೋಡಿ ಬಸ್ ಹತ್ತುವುದನ್ನೇ ಮರೆತಳು. ದೊಡ್ಡಮುನಿಯಪ್ಪ ಎಂಬ ಹಿರಿಯರ ಫೋಟೊ, ಹಾರ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಅಕ್ಷರಗಳು ಅವಳವು.

ಎರಡು ವರ್ಷ ಒಂದೊಂದನ್ನೂ ಕೈಯಲ್ಲೇ ಬರೆದು ಮಾಡಿದ ಫಾಂಟ್ ಅದು. ಹೆಸರು ಜೋಕಾಲಿ. ಪ್ರತಿ ಅಕ್ಷರದ ಬಾಲವೂ ಮೇಲಕ್ಕೆ ಜೀಕುತ್ತಿತ್ತು. ಹುಟ್ಟುಹಬ್ಬದ ಕೇಕಿಗೆ, ಜ್ಯೂಸ್ ಅಂಗಡಿಗೆ, ಮಕ್ಕಳ ಪುಸ್ತಕಕ್ಕೆ ಬಳಸಲಿ ಎಂದು ತನ್ನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಳು. ಸತ್ತವರ ಹೆಸರಿನ ಪಕ್ಕ ಅದು ಹೀಗೆ ಕುಣಿಯುವುದನ್ನು ನೋಡಿ ಅವಳಿಗೆ ನಾಚಿಕೆಯಾಯಿತು. ಇವತ್ತೇ ವೆಬ್‌ಸೈಟಿನಿಂದ ತೆಗೆದುಬಿಡಬೇಕು. ಅದಕ್ಕೂ ಮೊದಲು ಇದನ್ನು ಮಾಡಿದವನನ್ನು ನೋಡಬೇಕು.

ಫ್ಲೆಕ್ಸಿನ ಮೂಲೆಯಲ್ಲಿದ್ದ ವಿಳಾಸ ಆರ್.ಟಿ. ನಗರದ ಸಣ್ಣ ಅಂಗಡಿಯದು. ಕಂಪ್ಯೂಟರ್ ಮುಂದೆ ಕಾಶಿನಾಥ ಎಂಬ ಗದಗಿನವನು ಕೂತಿದ್ದ. ಅವಳು ತಾನು ಯಾರೆಂದು ಹೇಳಿ ಬೈಯುತ್ತಿರುವಷ್ಟು ಹೊತ್ತೂ ಮೌಸ್ ಮೇಲಿನ ಕೈ ತೆಗೆದು ಕೇಳಿಸಿಕೊಂಡ.

ಆಮೇಲೆ ನಿಧಾನವಾಗಿ ಹೇಳಿದ. ಫ್ಲೆಕ್ಸ್ ಮಾಡಿಸಲು ಬಂದಿದ್ದವರು ದೊಡ್ಡಮುನಿಯಪ್ಪನವರ ಹೆಂಡತಿ ಗೌರಮ್ಮ. ಓದು ಬರುತ್ತಿರಲಿಲ್ಲ. ಎಂಟು ಬಗೆಯ ಅಕ್ಷರ ತೋರಿಸಿದ್ದಕ್ಕೆ ಇದರ ಮೇಲೆ ಬೆರಳಿಟ್ಟರಂತೆ.

“‘ಇವು ನಗ್ತಾ ಅವೆ, ನಮ್ಮೋನೂ ಇಂಗೇ ಇದ್ದ’ ಅಂದರ್ರೀ. ನಾ ಏನ್ ಹೇಳ್ಲಿ?”

ಅವನು ಆ ಫ್ಲೆಕ್ಸಿನ ಫೈಲ್ ತೆರೆದು ತೋರಿಸಿದ. ಸ್ಮಿತಾ ಪರದೆಯ ಕಡೆ ತಿರುಗಿದಳು. ಆಗ ಕಣ್ಣಿಗೆ ಬಿತ್ತು: ‘ಶ್ರದ್ಧಾಂಜಲಿ’ಯ ದಕಾರದ ಕೆಳಗಿನ ಧ ಒತ್ತು. ಕೇಕಿಗೂ ಜ್ಯೂಸಿಗೂ ಬೇಕಾಗದು ಎಂದು ಅವಳು ಅದನ್ನು ಬರೆದೇ ಇರಲಿಲ್ಲ. ಗೆರೆಯ ದಪ್ಪ, ತಿರುವು ಎಲ್ಲ ಅವಳದೇ ಕೈಯಂತಿತ್ತು. ಬಾಲ ಮಾತ್ರ ಕೆಳಕ್ಕೆ ಬಾಗಿತ್ತು.

“ಇದು ನೀವು ಬರೆದದ್ದಾ?”

“ಹೌದ್ರೀ. ಅಷ್ಟ್ರಾಗ ಒಂದಾದ್ರೂ ತಲಿ ಬಗ್ಗಿಸ್ಬೇಕು ಅನಿಸ್ತು.”

ಅವಳು ಸ್ಟೂಲ್ ಎಳೆದು ಕೂತಳು.

ಇಂಥವು ಇನ್ನೆಷ್ಟಿವೆ ಎಂದು ಕೇಳಿದ್ದಕ್ಕೆ ಅವನು ಒಂದು ನೋಟ್‌ಬುಕ್ ಮುಂದಿಟ್ಟ. ವರ್ಷದಿಂದ, ಜೋಕಾಲಿಯಲ್ಲಿ ಯಾವ ಒತ್ತು ಇಲ್ಲದೆ ಕೆಲಸ ನಿಂತಿತೋ ಅದನ್ನೆಲ್ಲ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದ. ಅವಳಿಗೊಂದು ಮೇಲ್ ಕೂಡ ಬರೆದಿದ್ದನಂತೆ. ಕಳಿಸಿರಲಿಲ್ಲ.

“ಏನ್ ಬರೆದಿದ್ರಿ?”

ಅವನ ಕಿವಿ ಕೆಂಪಾಯಿತು. “ಒತ್ತಿನ ವಿಷ್ಯ ಎರಡೇ ಸಾಲು.”

“ಉಳಿದದ್ದು?”

ಕಾಶಿನಾಥ ಕೀಬೋರ್ಡ್ ನೋಡುತ್ತ ಹೇಳಿದ. “ಇವನ್ನ ಬರ್ದ ಕೈ ಒಮ್ಮೆ ನೋಡ್ಬೇಕು ಅಂತ.”

ಸ್ಮಿತಾ ತನ್ನ ಬಲಗೈಯನ್ನು ನೋಟ್‌ಬುಕ್ ಮೇಲೆ ಇಟ್ಟಳು. ಬೆರಳಿನಲ್ಲಿ ಶಾಯಿಯ ಕಲೆಯಿತ್ತು. ಅವನು ಮುಟ್ಟಲಿಲ್ಲ. ನೋಡಿದ, ಓದುವವನ ಹಾಗೆ.

“ಫಾಂಟ್ ತೆಗೀತೀನಿ ಅಂತ ಬಂದಿದ್ದೆ,” ಎಂದಳು. “ಈಗ ಇವನ್ನೂ ಸೇರಿಸ್ತೀನಿ. ನನ್ನ ಹೆಸರಿನ ಪಕ್ಕ ನಿಮ್ಮ ಹೆಸರು ಬರೀಬೇಕು. ಅದೂ ಜೋಕಾಲಿಯಲ್ಲೇ.” ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿದಳು. “ಆದ್ರೆ ನಿಮ್ಮ ಹೆಸರಿನ ಥ ಸರಿಯಿಲ್ಲ. ಕೊನೇ ದಿನ ಅವಸರದಲ್ಲಿ ಬರೆದಿದ್ದು. ಮೊದಲು ಅದನ್ನ ತಿದ್ದಬೇಕು.”

“ಎಷ್ಟ್ ದಿನ ಹಿಡೀತೈತ್ರಿ?”

ಅವಳು ಅವನ ಪೆನ್ಸಿಲ್ ಎತ್ತಿಕೊಂಡಳು.

“ಈ ಸಲ ಅವಸರ ಮಾಡಲ್ಲ.”