ಒಣಗಿದ ತೊಟ್ಟು

"ಅದನ್ನ ಕತ್ತರಿಸ್ಬೇಡಿ... ದಯವಿಟ್ಟು."

ಅವಳ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಪಕ್ಕದ ಮನೆಯ ಬಾಲ್ಕನಿಯಲ್ಲಿ, ಬೆರಳಿಗೆಲ್ಲ ಬಿಳಿ ಪುಡಿ ಮೆತ್ತಿಕೊಂಡಿದ್ದ ಯುವಕನೊಬ್ಬ ಮೈ ಮುಂದಕ್ಕೆ ಚಾಚಿ ನಿಂತಿದ್ದ. ಇನ್ನೊಂದು ಗೇಣು ಬಾಗಿದ್ದರೆ ಕೆಳಗೇ ಬೀಳುತ್ತಿದ್ದ.

ಅವಳು ಕತ್ತರಿಸಹೊರಟಿದ್ದು ಅವನ ಕುಂಡದಿಂದ ಇತ್ತ ದಾಟಿ ಬಂದು, ತನ್ನ ಬಟ್ಟೆ ಒಣಗಿಸುವ ಹಗ್ಗಕ್ಕೆ ಸುತ್ತಿಕೊಂಡಿದ್ದ ಬಳ್ಳಿಯನ್ನು. ಅದರಲ್ಲಿ ಒಂದು ಎಲೆಯೂ ಇರಲಿಲ್ಲ. ಹೊಲಿಗೆ ಕೆಲಸದವಳ ಕಣ್ಣಿಗೆ ದಾರ ಜೋತುಬಿದ್ದಂತೆ ಕಂಡರೆ ಕೈ ಸುಮ್ಮನಿರುತ್ತದೆಯೇ?

"ಸತ್ತಿರೋ ಬಳ್ಳಿ ಅಲ್ವೇನ್ರೀ ಇದು?"

"ಇಲ್ಲ. ಇದು ಹೋಯಾ ಅಂತ, ಹೂವಿನ ಬಳ್ಳಿ. ಇದು ಹಾಗೇನೇ. ಮೊದಲು ಆಸರೆ ಹುಡುಕುತ್ತೆ. ಸಿಕ್ಕಿದ್ದನ್ನ ಗಟ್ಟಿಯಾಗಿ ಹಿಡ್ಕೊಂಡ್ಮೇಲೆ ಎಲೆ ಬಿಡುತ್ತೆ."

ಹುಡುಕುತ್ತದಂತೆ... ಕಣ್ಣಿಲ್ಲದ್ದು ಹೇಗೆ ಹುಡುಕುತ್ತದೆ? ಆ ಕುತೂಹಲಕ್ಕೇ ಅವಳು ಕತ್ತರಿ ಕೆಳಗಿಳಿಸಿದಳು.

ಅವನು ಹಲ್ಲಿನ ಡಾಕ್ಟರುಗಳಿಗೆ ಹಲ್ಲುಸೆಟ್ಟು ಮಾಡಿಕೊಡುವವನು ಎಂದು ಒಳಗಿದ್ದ ಚಿಕ್ಕಮ್ಮ ತಿಳಿಸಿದರು. ಅವರ ಬಾಯಲ್ಲಿದ್ದದ್ದೂ ಅವನ ಕೈಕೆಲಸವೇ. ಹಾಗಾಗಿ ಅವನ ವಿಷಯದಲ್ಲಿ ಅವರ ನಗುವಿಗೆ ಬರವಿರಲಿಲ್ಲ.

ಅವನು ಹೇಳಿದಂತೆಯೇ ದಪ್ಪ ದಪ್ಪ ಎಲೆಗಳು ಬಂದವು. ಆಮೇಲೊಂದು ದಿನ, ಅವಳ ಬಾಲ್ಕನಿಯ ಕಡೆಯಲ್ಲೇ, ಪುಟ್ಟ ತೊಟ್ಟಿನ ತುದಿಯಲ್ಲಿ ಮೊಗ್ಗಿನ ಗೊಂಚಲು!

ನೋಡಲು ಅವನು ಬಾಗಿಲಿಗೇ ಬಂದ. ಮೊಗ್ಗಿರುವಾಗ ಅಲುಗಾಡಿಸಿದರೆ ಉದುರಿಬಿಡುತ್ತವೆ ಎಂದ. ಅಂದಿನಿಂದ ಅವಳು ಹಗ್ಗ ಮುಟ್ಟಲಿಲ್ಲ. ಒದ್ದೆ ಬಟ್ಟೆಗಳೆಲ್ಲ ಕುರ್ಚಿಗಳ ಬೆನ್ನೇರಿದವು.

ಅವನು ಪ್ರತಿ ಸಂಜೆ ಬರತೊಡಗಿದ. ಚಿಕ್ಕಮ್ಮ ಎಷ್ಟು ಹೇಳಿದರೂ ಕೂರುತ್ತಿರಲಿಲ್ಲ. ನಿಂತೇ ನೋಡಿ, ನಿಂತೇ ಹೊರಡುವುದು. ಅವನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಅವಳು ಮಿಷನ್ ತುಳಿಯುತ್ತ ಹಗಲೆಲ್ಲ ಕೂಡಿಡುತ್ತಿದ್ದಳು. ಇಷ್ಟು ದೊಡ್ಡ ಬಳ್ಳಿಗೆ ಅಷ್ಟು ಚಿಕ್ಕ ಕುಂಡ ಯಾಕೆ? ಇದರ ಬೇರಿಗೆ ಇಕ್ಕಟ್ಟೇ ಇಷ್ಟ ಎಂದ. ಇದರ ಹುಚ್ಚು ಹತ್ತಿದ್ದು ಹೇಗೆ? ಹಲ್ಲನ್ನು ಮೊದಲು ಮೇಣದಲ್ಲಿ ಕೆತ್ತುತ್ತಾರಂತೆ. ಈ ಹೂವನ್ನು ಮೊದಲ ಸಲ ಕಂಡಾಗ ಇಷ್ಟು ನಯವಾಗಿ ಮೇಣ ಕೆತ್ತಿದವರು ಯಾರಪ್ಪ ಎಂದುಕೊಂಡನಂತೆ.

ಎಲ್ಲಕ್ಕೂ ಉತ್ತರ ಸಿಗುತ್ತಿತ್ತು. ಒಂದನ್ನು ಮಾತ್ರ ಅವಳು ಕೇಳುತ್ತಿರಲಿಲ್ಲ. 'ಇವರು ಬರೋದು ಹೂವಿಗಾಗಿನಾ... ಇಲ್ಲಾ...?'

ಹೂವು ಅರಳಿತು. ನಸುಗೆಂಪು ನಕ್ಷತ್ರದೊಳಗೆ ಇನ್ನೊಂದು ನಕ್ಷತ್ರ. ನಡುವಿನಿಂದ ಒಂದು ಹನಿ ಜೇನು ಅವಳ ಮಣಿಕಟ್ಟಿನ ಮೇಲೆ ತೊಟ್ಟಿಕ್ಕಿತು. ತಲೆಯೆತ್ತಿದರೆ, ಅವನು ನೋಡುತ್ತಿದ್ದದ್ದು ಹೂವನ್ನಲ್ಲ ಎನಿಸಿತು. ಎನಿಸಿತಷ್ಟೇ... ತನ್ನದೇ ಭ್ರಮೆಯಿದ್ದರೆ?

ಕೊನೆಗೆ ಹೂವೆಲ್ಲ ಉದುರಿ ಬರೀ ತೊಟ್ಟು ಉಳಿಯಿತು. ಅವನು ಬರುವ ಹೊತ್ತಿಗೆ ಚೆನ್ನಾಗಿ ಕಾಣಲೆಂದು ಅವಳು ಆ ಒಣಕಲು ತೊಟ್ಟನ್ನು ಕತ್ತರಿಸಿ, ಎಲೆಗಳನ್ನು ಒರೆಸಿಟ್ಟಳು.

ಅವನು ಬಂದ. ತೊಟ್ಟಿದ್ದ ಜಾಗವನ್ನು ನೋಡಿದ. ಅವಳನ್ನು ನೋಡಿದ.

"ಸರಿ," ಎಂದು ಹೊರಟುಹೋದ. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಹೂವು ಮುಗಿಯಿತು, ಬರುವುದೂ ಮುಗಿಯಿತು. ಇಷ್ಟೇ ತಾನೇ? ಅವಳು ಹೊಲಿದದ್ದನ್ನೇ ಬಿಚ್ಚಿ ಹೊಲಿಯುವುದನ್ನು ಕಂಡು, ಹುಡುಗ ಯಾಕೆ ಬರುತ್ತಿಲ್ಲವೆಂದು ಚಿಕ್ಕಮ್ಮ ಕೇಳಿದರು.

"ಹೂವು ಉದುರಿತಲ್ಲ ಚಿಕ್ಕಮ್ಮ. ಇನ್ನೇನು ಕೆಲಸ ಇಲ್ಲಿ?"

"ಅದೇ ತೊಟ್ಟಲ್ಲಿ ಮತ್ತೆ ಹೂ ಬಿಡುತ್ತಂತಲ್ಲೇ. ಕೀಳ್ಬಾರ್ದು ಅಂತ ನಿನಗೆ ಹೇಳೋಕೆ ನನ್ನ ಹತ್ರ ಹೇಳಿದ್ದ..." ಚಿಕ್ಕಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. "ಅಯ್ಯೋ, ನಾನು ಹೇಳ್ಲೇ ಇಲ್ವಾ?"

ಅವಳು ಮಿಷನ್ ಬಿಟ್ಟೆದ್ದಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದಳು.

"ಆ ತೊಟ್ಟು ಇರಬೇಕಿತ್ತು ಅಂತ ನನಗೆ ಗೊತ್ತಿರ್ಲಿಲ್ಲ. ಚಿಕ್ಕಮ್ಮ ಹೇಳೋಕೆ ಮರೆತಿದ್ರು."

ಅವನು ಬಾಗಿಲು ಹಿಡಿದೇ ನಿಂತ.

"ಗೊತ್ತಿದ್ದೇ ಕತ್ತರಿಸಿದ್ರಿ ಅಂದ್ಕೊಂಡೆ. ಅದು ಇರೋವರೆಗೂ ಮತ್ತೆ ಮತ್ತೆ ಹೂ ಬರುತ್ತೆ, ಅದರ ನೆಪದಲ್ಲಿ ನಾನೂ ಬರ್ತೀನಿ. ಇನ್ನು ಬರ್ಬೇಡಿ ಅಂತ ಬಾಯಿಬಿಟ್ಟು ಹೇಳೋಕೆ ಸಂಕೋಚ ಆಗಿ, ಹೀಗೆ ತಿಳಿಸಿದ್ರೇನೋ ಅಂತ..."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆ ತಾನಾಗಿ ಹೊರಬಿತ್ತು.

"ನಿಜ ಹೇಳಿ. ನೀವು ಬರ್ತಿದ್ದದ್ದು ಹೂವು ನೋಡೋಕಾ?"

ಅವನು ಬೆರಳಿನ ಬಿಳಿ ಪುಡಿಯನ್ನು ಉಜ್ಜಿಕೊಂಡ.

"ಹೂವು... ನನ್ನ ಬಾಲ್ಕನಿಯಿಂದಲೂ ಚೆನ್ನಾಗೇ ಕಾಣ್ತಿತ್ತು."

ಅವಳ ಕಣ್ಣು ತುಂಬಿತು.

"ಹಾಗಾದ್ರೆ ಬನ್ನಿ. ಈ ಸಲ ಕೂತ್ಕೊಬೇಕು."

"ಕೂತು ಏನು ಮಾತಾಡ್ಲಿ? ಹಲ್ಲು, ಹೋಯಾ ಬಿಟ್ರೆ ನನಗೇನೂ ಗೊತ್ತಿಲ್ಲ."

"ಪರವಾಗಿಲ್ಲ," ಎಂದಳು ಅವಳು. "ನಾನು ಕೇಳ್ತೀನಲ್ಲ."