ಮುಖ ತಿನ್ನುವ ಕ್ಯಾಮೆರಾ

"ಅಲ್ಲಿಗೆ ಮಾತ್ರ ಬೇಡಮ್ಮ," ಎಂದು ಆಫ್ರಿಯೆ ಅಮ್ಮನ ಕೈ ಹಿಡಿದು ಜಗ್ಗಿದಳು.

"ಬಾಯ್ಮುಚ್ಚು. ಅವರಿಗೆ ಕೇಳಿಸೀತು," ಎಂದಳು ಅಮ್ಮ.

ಸುನ್ಯಾನಿ ಪೇಟೆಯ ಆ ಬೀದಿಯಲ್ಲಿ ಮೆಮೊರಿ ಕಾರ್ಡ್ ಮಾರುವ ಅಂಗಡಿಗಳಿಗೇನೂ ಬರವಿರಲಿಲ್ಲ. ಒಂದನ್ನು ದಾಟಿದರು. ಇನ್ನೊಂದನ್ನೂ ದಾಟಿದರು. ಅಮ್ಮ ಅತ್ತಿತ್ತ ನೋಡದೆ ಬ್ರದರ್ ಟಾಚಿಯವರ ಅಂಗಡಿ ಕಡೆಗೇ ನಡೆದಳು. ಹೋದ ತಿಂಗಳು ಕೆಟ್ಟ ಕಾರ್ಡ್ ಕೊಟ್ಟವರು ಇದೇ ಬ್ರದರ್ ಟಾಚಿ. ಆಫ್ರಿಯೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ಬೇರೆ ಅಂಗಡೀಲಿ ತಗೊಂಡ್ರೆ ಏನಾಗುತ್ತೆ?"

"ಅವರು ನಮ್ಮ ಚರ್ಚಿನವರು ಕಣೇ. ಬೇರೆ ಕಡೆ ತಗೊಂಡು, ಭಾನುವಾರ ಅವರ ಪಕ್ಕದಲ್ಲೇ ನಿಂತು ಯಾವ ಬಾಯಲ್ಲಿ ಹಾಡ್ಲಿ?"

ಆಫ್ರಿಯೆಯ ಅಮ್ಮ ಡುಫಿಯೆ ಫೋಟೊಗ್ರಾಫರ್. ಹೋದ ತಿಂಗಳು ಸಿಸ್ಟರ್ ಪೊಕುವಾ ಅವರ ಮಗುವಿನ ನಾಮಕರಣಕ್ಕೆ ಹೋಗಿದ್ದಳು. ತಾತ ಮಗುವಿನ ನಾಲಿಗೆಗೆ ನೀರು ಮುಟ್ಟಿಸಿ ಹೆಸರಿಟ್ಟರು. ಅದು ಒಂದೇ ಸಲ ನಡೆಯುವಂಥದ್ದು. ಮನೆಗೆ ಬಂದು ನೋಡಿದರೆ ಮೊದಲಿನ ಕೆಲವು ಫೋಟೊ ಬಿಟ್ಟು ಉಳಿದವೆಲ್ಲ ಬರೀ ಬೂದಿಬಣ್ಣ. ಒಂದರಲ್ಲಿ ಮಗುವಿನ ಟೋಪಿ ಇತ್ತು, ಮುಖ ಇರಲಿಲ್ಲ.

ಅಮ್ಮ ಬಂದಷ್ಟನ್ನು ಪ್ರಿಂಟ್ ಹಾಕಿಸಿ ಕೊಟ್ಟು, ತಲೆ ತಗ್ಗಿಸಿಕೊಂಡು ಬಂದಳು. ಕಾರ್ಡ್ ಕೆಟ್ಟಿತ್ತು ಎಂದು ಮಾತ್ರ ಹೇಳಲಿಲ್ಲ. ಹೇಳಿದರೆ ಬ್ರದರ್ ಟಾಚಿಯ ಹೆಸರು ಬರುತ್ತದಲ್ಲ! ಸಿಸ್ಟರ್ ಪೊಕುವಾ ಮಾತು ಬಿಟ್ಟರು. ಅಲ್ಲಿಂದೀಚೆಗೆ ಅಮ್ಮನನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ.

ಈ ಶನಿವಾರ ಸ್ಕೂಲಿನಲ್ಲಿ ಹೆಡ್ ಮೇಡಂ ಅವರಿಗೆ ಬೀಳ್ಕೊಡುಗೆ. "ನಮ್ಮಮ್ಮನ್ನೇ ಕರೀರಿ ಮೇಡಂ," ಎಂದು ಕ್ಲಾಸ್ ಟೀಚರ್ ಹಿಂದೆ ಬಿದ್ದು ಒಪ್ಪಿಸಿದವಳು ಆಫ್ರಿಯೆ. ಈ ಸಲವೂ ಕೆಟ್ಟರೆ ಕ್ಯಾಮೆರಾ ಮಾರಿಬಿಡುತ್ತೇನೆ ಎಂದು ಅಮ್ಮ ಹೇಳಿಬಿಟ್ಟಿದ್ದಳು. ಅಮ್ಮ ಅಂಥ ಮಾತನ್ನು ಸುಮ್ಮನೆ ಆಡುವವಳಲ್ಲ.

ಬ್ರದರ್ ಟಾಚಿ ಇಬ್ಬರನ್ನೂ ಕಂಡು ಎದ್ದು ನಿಂತರು. ಕುಶಲ ವಿಚಾರಿಸುವುದು ಶುರುವಾಯಿತು. ಮನೆಯವರು ಹೇಗಿದ್ದಾರೆ, ಊರಿನಲ್ಲಿ ಅಜ್ಜಿಯ ಮಂಡಿನೋವು ಹೇಗಿದೆ, ಅಜ್ಜಿಯ ಮೇಕೆ ಹೇಗಿದೆ. ಆಫ್ರಿಯೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಳು. ಮೇಕೆಯ ಮರಿಗಳ ಸಮಾಚಾರವೂ ಮುಗಿದ ಮೇಲೆ ಅಮ್ಮ, "ಒಂದು ಕಾರ್ಡ್ ಬೇಕಿತ್ತು," ಎಂದಳು.

"ಹೋದ ತಿಂಗಳು ತಗೊಂಡ್ರಲ್ಲ ಸಿಸ್ಟರ್, ಅದೇನಾಯ್ತು?"

"ಅದು... ಎಲ್ಲೋ ಕಳೆದುಹೋಯ್ತು ಬ್ರದರ್."

ಆಫ್ರಿಯೆ ಅಮ್ಮನ ಮುಖವನ್ನೇ ನೋಡಿದಳು. ಆ ಕಾರ್ಡ್ ಆಫ್ರಿಯೆಯ ಹೆಗಲಲ್ಲಿದ್ದ ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು.

"ಹೋಗ್ಲಿ ಬಿಡಿ, ಅಂಥದ್ದೇ ಇನ್ನೊಂದಿದೆ," ಎಂದು ಬ್ರದರ್ ಟಾಚಿ ಚಿನ್ನದ ಬಣ್ಣದ ಕಾರ್ಡ್ ತೆಗೆದರು. "ಅರವತ್ನಾಲ್ಕು ಜಿಬಿ. ಇಡೀ ಸುನ್ಯಾನಿ ಹಿಡಿಸುತ್ತೆ. ಈ ಕಪ್ಪು ಕಾರ್ಡ್ ನೋಡಿ, ಬರೀ ಎಂಟು. ಇದನ್ನ ನಿಮಗೆ ಕೊಡೋಕೆ ನನಗೇ ನಾಚಿಕೆ."

"ಚಿನ್ನದ್ದೇ ಇರಲಿ," ಎಂದಳು ಅಮ್ಮ, ಬಾಯಿತುಂಬ ನಗುತ್ತ.

"ಮೊದಲು ತುಂಬಿಸಿ ನೋಡೋಣ," ಎಂದಳು ಆಫ್ರಿಯೆ. "ಇಲ್ಲೇ. ಪೂರ್ತಿ ತುಂಬೋವರೆಗೂ."

ಅಮ್ಮ ಅವಳ ತೋಳು ಚಿವುಟಿದಳು. "ಮಕ್ಕಳ ಮಾತು ಬ್ರದರ್. ತಪ್ಪು ತಿಳ್ಕೋಬೇಡಿ. ನಿಮ್ಮ ಸಾಮಾನನ್ನ ನಿಮ್ಮೆದುರಿಗೇ ಪರೀಕ್ಷೆ ಮಾಡೋದಾ, ಛೆ."

ಚಿವುಟಿದ್ದು ಉರಿಯಿತು. ಅದಕ್ಕಿಂತ ಹೆಚ್ಚಾಗಿ ಅಮ್ಮನ ಆ ನಗು ಉರಿಯಿತು. ಆಫ್ರಿಯೆ ಬ್ಯಾಗಿನ ಜಿಪ್ ಎಳೆದು, ಹಳೆಯ ಕಾರ್ಡನ್ನು ತೆಗೆದು ಮೇಜಿನ ಮೇಲೆ ಕುಕ್ಕಿದಳು. ಅದೂ ಎಡಗೈಯಲ್ಲಿ.

"ಕಳೆದುಹೋಗಿಲ್ಲ, ಇಲ್ಲೇ ಇದೆ. ಪೊಕುವಾ ಆಂಟಿ ಮಗು ಫೋಟೊ ಎಲ್ಲಾ ಇದರಲ್ಲೇ ಹಾಳಾಗಿದ್ದು. ಸ್ಕೂಲಲ್ಲಿ ಆಂಟ್ವಿ ದಿನಾ ಅಂತಾನೆ, ನಿಮ್ಮಮ್ಮನ ಕ್ಯಾಮೆರಾ ಮುಖ ತಿನ್ನುತ್ತೆ ಅಂತ. ಕ್ಯಾಮೆರಾ ತಿಂದಿಲ್ಲ, ಈ ಕಾರ್ಡ್ ತಿಂದಿದ್ದು."

ಅಮ್ಮ ನೆಲ ನೋಡುತ್ತಿದ್ದಳು. ಈಗ ಬೈತಾರೆ ಎಂದುಕೊಂಡಳು ಆಫ್ರಿಯೆ.

ಬ್ರದರ್ ಟಾಚಿ ಬೈಯಲಿಲ್ಲ. ಹಳೆಯ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಒಂದು ತಿಂಗಳಾಯ್ತು ಸಿಸ್ಟರ್. ಪ್ರತಿ ಭಾನುವಾರ ಪಕ್ಕದಲ್ಲೇ ನಿಂತು ಹಾಡಿದೀವಿ. ಒಂದು ಮಾತು ಯಾಕೆ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ," ಎಂದಳು ಅಮ್ಮ.

ಅಬ್ಬಾ, ಎಂಥ ಉತ್ತರ! ಆಫ್ರಿಯೆಗೆ ಮೈಯೆಲ್ಲ ಉರಿದುಹೋಯಿತು.

ಬ್ರದರ್ ಟಾಚಿ ಚಿನ್ನದ ಕಾರ್ಡಿನ ಪ್ಯಾಕನ್ನು ತಾವೇ ಹರಿದರು. "ವಿಡಿಯೊ ಹಾಕಿದ್ರೆ ಬೇಗ ತುಂಬುತ್ತೆ. ಇಡಮ್ಮ ಕ್ಯಾಮೆರಾನ."

ಕ್ಯಾಮೆರಾವನ್ನು ಬೀದಿಗೆ ಮುಖ ಮಾಡಿ ಮೇಜಿನ ಮೇಲಿಟ್ಟರು. ಸುಮ್ಮನೆ ಓಡಲು ಬಿಟ್ಟರೆ ಮುಗಿಯುವ ಕೆಲಸ. ಆದರೆ ಆ ಬೀದಿಯಲ್ಲಿ ಕ್ಯಾಮೆರಾ ಕಂಡೂ ಸುಮ್ಮನೆ ಹೋಗುವವರು ಯಾರಿದ್ದಾರೆ? ಎದುರುಗಡೆ ಬಾಳೆಕಾಯಿ ಕರಿಯುವ ಅಜ್ಜಿ ಜಾಲರಿ ಸೌಟನ್ನು ಕೆಳಗಿಟ್ಟು ಬಂದರು. ತಲೆವಸ್ತ್ರ ಸರಿಮಾಡಿಕೊಂಡರು. ಎರಡೂ ಕೈಗಳನ್ನು ತೊಡೆಯ ಪಕ್ಕಕ್ಕೆ ಒತ್ತಿ, ಕಣ್ಣು ಮಿಟುಕಿಸದೆ ಕ್ಯಾಮೆರಾದ ಮುಂದೆ ನಿಂತೇಬಿಟ್ಟರು.

"ಅಜ್ಜಿ, ಇದು ಫೋಟೊ ಅಲ್ಲ, ವಿಡಿಯೊ. ನೀವು ಹೋಗಬಹುದು."

ಅಜ್ಜಿ ತುಟಿ ಅಲ್ಲಾಡಿಸದೆ, "ಮಾತಾಡಿಸಬೇಡ ಮಗಾ, ಫೋಟೊ ಕೆಡುತ್ತೆ," ಎಂದರು.

ಅವರ ಹಿಂದೆ ಸಾಲು ಬೆಳೆಯಿತು. ದರ್ಜಿ ತಾನೇ ಹೊಲಿದ ಶರ್ಟ್ ಹಾಕಿಕೊಂಡು ಬಂದ. ಮುಂದಕ್ಕೆ ಬಂದವರು, ಹಿಂದಕ್ಕೆ ಸರಿಯಿರಿ ಎಂದವರು, ನಮಗೆ ಪ್ರಿಂಟ್ ಯಾವಾಗ ಕೊಡ್ತೀರಿ ಎಂದವರು.

"ಇದು ಟೆಸ್ಟ್. ಬರೀ ಟೆಸ್ಟ್," ಎಂದು ಹೇಳಿ ಹೇಳಿ ಆಫ್ರಿಯೆಯ ಗಂಟಲು ಒಣಗಿತು. ಕರಿಯಲು ಹಾಕಿದ್ದ ಬಾಳೆಕಾಯಿ ಸೀದ ವಾಸನೆ ಬಂದಾಗಷ್ಟೇ ಅಜ್ಜಿ ಅಲ್ಲಿಂದ ಕದಲಿದ್ದು.

ಕೊನೆಗೆ ಹಾಕಿ ನೋಡಿದರು. ಅಜ್ಜಿ ಇದ್ದರು, ಕಂಬದ ಹಾಗೆ ನೆಟ್ಟಗೆ. ದರ್ಜಿ ಅರ್ಧ ಇದ್ದ. ಅಲ್ಲಿಂದ ಮುಂದಿನ ಒಂದೂ ವಿಡಿಯೊ ತೆರೆಯಲಿಲ್ಲ. ಅರವತ್ನಾಲ್ಕು ಎಂದು ಬರೆದುಕೊಂಡಿದ್ದು ಹೊರಗಿನ ಬಣ್ಣದಲ್ಲಿ ಮಾತ್ರ, ಒಳಗೆ ಅಷ್ಟು ಜಾಗವೇ ಇರಲಿಲ್ಲ.

ಬ್ರದರ್ ಟಾಚಿ ಮೊಳೆಗೆ ನೇತುಹಾಕಿದ್ದ ಚಿನ್ನದ ಕಾರ್ಡುಗಳನ್ನೆಲ್ಲ ಕಿತ್ತು ಡಬ್ಬಕ್ಕೆ ಹಾಕಿ, ಸ್ಟೂಲಿನ ಮೇಲೆ ಕುಸಿದು ಕೂತರು. "ಪಾಸ್ಟರ್ ಮಗನ ಮದುವೆಗೂ ಇದನ್ನೇ ಕೊಟ್ಟೆ. ಅವರೂ ಏನೂ ಹೇಳ್ಲಿಲ್ಲ."

"ಅವರಿಗೂ ನಿಮ್ಮನ್ನ ನೋಯಿಸೋದು ಬೇಡ ಅನಿಸಿರುತ್ತೆ," ಎಂದಳು ಅಮ್ಮ ಮೆಲ್ಲಗೆ.

"ನೋಯಿಸಿದ್ದಿದ್ರೆ ಚೆನ್ನಾಗಿತ್ತು ಸಿಸ್ಟರ್."

ಆಮೇಲೆ ಎಂಟು ಜಿಬಿಯ ಕಪ್ಪು ಕಾರ್ಡ್ ಹಾಕಿದರು. ಅಜ್ಜಿ ಮತ್ತೆ ಬಂದು ನಿಂತರು, ಈ ಸಲ ಒಲೆ ಆರಿಸಿ. ಯಾರೂ ಬೇಡ ಎನ್ನಲಿಲ್ಲ. ಕಾರ್ಡ್ ತುಂಬಿತು ಎಂದು ಕ್ಯಾಮೆರಾ ಹೇಳುವಷ್ಟರಲ್ಲಿ ಬಿಸಿಲು ಇಳಿದಿತ್ತು. ಮೊದಲಿಂದ ಕೊನೆಯವರೆಗೂ ನೋಡಿದರು. ಎಲ್ಲರೂ ಇದ್ದರು. ಕೊನೆಯಲ್ಲಿ ಬೀದಿ ದಾಟಿದ ಕೋಳಿಯೂ ಇತ್ತು.

"ಅಂಥದ್ದೇ ಇನ್ನೊಂದು ಕೊಡಿ ಬ್ರದರ್," ಎಂದ ಅಮ್ಮ ಸ್ವಲ್ಪ ತಡೆದು, "ಅದನ್ನೂ ಮನೇಲಿ ತುಂಬಿಸಿ ನೋಡ್ತೀನಿ. ಕೆಟ್ಟಿದ್ರೆ ನಾಳೇನೇ ವಾಪಸ್ ತರ್ತೀನಿ," ಎಂದಳು. ಹಾಗೆನ್ನುವಾಗ ಅವಳ ಕಿವಿಯ ಪಕ್ಕ ಬೆವರಿಳಿಯಿತು.

"ತನ್ನಿ," ಎಂದರು ಬ್ರದರ್ ಟಾಚಿ. "ದಯವಿಟ್ಟು ತನ್ನಿ."

ಆಫ್ರಿಯೆ ಮೇಜಿನ ಮೇಲಿದ್ದ ಹಳೆಯ ಕಾರ್ಡನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡಳು. ಅಜ್ಜಿ ಕೊಟ್ಟ ಬಾಳೆಕಾಯಿ ಪೊಟ್ಟಣ ಹಿಡಿದು ಇಬ್ಬರೂ ಮನೆಯ ದಾರಿ ಹಿಡಿದರು. ಎಡಗೈಯ ವಿಷಯಕ್ಕೆ ಬೈಗುಳ ಬರುತ್ತದೆ ಎಂದು ಆಫ್ರಿಯೆ ಕಾಯುತ್ತಿದ್ದಳು.

"ಆಂಟ್ವಿ ಅಂದ್ಯಲ್ಲ," ಎಂದಳು ಅಮ್ಮ. "ಸಿಸ್ಟರ್ ಪೊಕುವಾ ಅವರ ಮಗ ತಾನೇ? ದಿನಾ ಹಂಗೆ ಅಂತಾನಾ?"

"ಹೂಂ."

"ತಿಂಗಳಿಂದಾನೂ?"

"ಹೂಂ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ನಿನಗೆ ಬೇಜಾರಾಗುತ್ತೆ ಅಂತ," ಎಂದಳು ಆಫ್ರಿಯೆ.

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಬಾಳೆಕಾಯಿ ಬಾಯಿಗಿಡಲು ಹೋದವಳು ಹಾಗೇ ನಿಂತಳು.

ಅಮ್ಮನಿಗೂ ಕೇಳಿಸಿರಬೇಕು. ಅವಳು ನಗಲಿಲ್ಲ. ಚಿವುಟಿದ ತೋಳಿನ ಮೇಲೆ ಕೈಯಿಟ್ಟು ಸವರಿದಳು. "ಇನ್ನೂ ಏನೇನು ಅಂತಾನೆ?"

"ಎಲ್ಲಾ ಹೇಳ್ಲಾ?"

"ಎಲ್ಲಾ ಹೇಳು."

ಆಫ್ರಿಯೆ ಹೇಳತೊಡಗಿದಳು. ಮನೆಗೆ ಹೋಗಲು ಮಾವಿನಮರದ ಬಳಿ ಎಡಕ್ಕೆ ತಿರುಗಬೇಕಿತ್ತು. ಅಮ್ಮ ಬಲಕ್ಕೆ, ಸಿಸ್ಟರ್ ಪೊಕುವಾ ಅವರ ಮನೆಯ ಕಡೆಗೆ ತಿರುಗಿದಳು. ಯಾಕೆ ಎಂದು ಆಫ್ರಿಯೆ ಕೇಳಲಿಲ್ಲ. ಬ್ಯಾಗಿನಿಂದ ಹಳೆಯ ಕಾರ್ಡ್ ತೆಗೆದು, ಬಲಗೈಯಲ್ಲಿ ಅಮ್ಮನಿಗೆ ಕೊಟ್ಟಳು.