ಸಲಹೆ ಕೊಡೋ ಹಾಗಿಲ್ಲ

"ಮನೆ ಬಿಡಬೇಕಾ, ಬೇಡ್ವಾ? ಒಂದೇ ಮಾತು ಹೇಳಿ, ಸಾಕು!"

ಒಬ್ಬ ಯುವಕ ನೋಟಿಸನ್ನು ಮೇಜಿನ ಮೇಲೆ ಬಡಿದ ಸದ್ದಿಗೆ ಗ್ರಂಥಾಲಯದಲ್ಲಿದ್ದವರೆಲ್ಲ ತಲೆಯೆತ್ತಿದರು. 'ಕಾನೂನು ಮತ್ತು ಸರ್ಕಾರಿ ಮಾಹಿತಿ' ಎಂಬ ಫಲಕದ ಹಿಂದೆ ಕೂತಿದ್ದವಳು ಮಾತ್ರ ಜಗ್ಗಲಿಲ್ಲ.

"ಅದನ್ನ ನಾನು ಹೇಳೋ ಹಾಗಿಲ್ಲ," ಎಂದಳು.

"ಯಾಕೆ, ಬಾಯಿ ನೋವಾ?"

"ನಾನು ವಕೀಲೆ ಅಲ್ಲ. ಯಾವ ಕಾನೂನು ಎಲ್ಲಿದೆ ಅಂತ ತೋರಿಸ್ತೀನಿ. ಸಲಹೆ ಕೊಡೋ ಹಾಗಿಲ್ಲ."

"ಮತ್ತೆ ಇಲ್ಲಿ ಯಾಕೆ ಕೂತಿದ್ದೀರಿ? ಫ್ಯಾನ್ ಗಾಳಿ ಚೆನ್ನಾಗಿದೆ ಅಂತಾನಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು. 'ಎಲ್ಲಿಂದ ಬಂದ ಈ ಸಿಡಿಮದ್ದು!' ಎಂದುಕೊಂಡಳು. ಆದರೂ ಎದ್ದಳು. ಬಾಡಿಗೆ ಕಾಯ್ದೆಯ ದಪ್ಪ ಪುಸ್ತಕ ತಂದಳು, ಸರ್ಕಾರಿ ಆದೇಶಗಳ ಫೈಲು ತಂದಳು, ಉಚಿತ ಕಾನೂನು ನೆರವು ಕೇಂದ್ರದ ವಿಳಾಸ ಬರೆದ ಚೀಟಿಯನ್ನೂ ಮೇಲಿಟ್ಟಳು.

"ಅಲ್ಲಿಗೆ ಹೋಗಿದ್ದೆ. ಮುಂದಿನ ವಾರ ಬಾ ಅಂದ್ರು."

"ಹಾಗಾದ್ರೆ ಮುಂದಿನ ವಾರ ತಪ್ಪದೆ ಹೋಗಿ. ಅಲ್ಲಿಯವರೆಗೆ ಇದನ್ನ ಓದಿ."

"ಇಷ್ಟನ್ನೂ? ಇದನ್ನ ಓದೋದಾ, ತಲೆದಿಂಬು ಮಾಡ್ಕೊಳ್ಳೋದಾ?"

"ಅದು ನಿಮ್ಮಿಷ್ಟ. ಮೊದಲು ಕೈ ತೊಳ್ಕೊಂಡು ಬನ್ನಿ. ಪುಸ್ತಕಕ್ಕೆ ಎಣ್ಣೆ ಹತ್ತುತ್ತೆ."

ಅವನು ತನ್ನ ಕೈ ನೋಡಿಕೊಂಡ. ಹೊಲಿಗೆ ಮೆಷಿನ್ ರಿಪೇರಿ ಮಾಡುವವನ ಕೈ, ಉಗುರಿನ ಸಂದಿಯಲ್ಲೆಲ್ಲ ಕಪ್ಪು. ಬುಸುಗುಡುತ್ತ ಹೊರಗೆ ಹೋದ. 'ಅಬ್ಬ, ತೊಲಗಿದ!' ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ವಾಪಸ್ ಬಂದು ಕೂತ. ಬಾಗಿಲು ಹಾಕುವ ಹೊತ್ತಿನವರೆಗೂ ಏಳಲಿಲ್ಲ.

ಅವನ ಸಿಟ್ಟಿಗೆ ಕಾರಣವಿತ್ತು ಬಿಡಿ. ಕೆಳಗೆ ರಿಪೇರಿ ಅಂಗಡಿ, ಮೇಲೆ ಮನೆ. ಹೆತ್ತವರಿಲ್ಲದ ಅವನನ್ನು ಸಾಕಿದ ಚಿಕ್ಕಮ್ಮ ಆ ಅಂಗಡಿಯ ಮೂಲೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಕಟ್ಟಡ ದುರಸ್ತಿ ಮಾಡಿಸಬೇಕು, ಖಾಲಿ ಮಾಡಿ ಎಂದು ಮಾಲೀಕ ನೋಟಿಸು ಕೊಟ್ಟಿದ್ದ. ಬಾಡಿಗೆ ವ್ಯಾಜ್ಯ ಕೇಳುವ ಅಧಿಕಾರಿಯ ಮುಂದೆ ವಿಚಾರಣೆಯಿತ್ತು. ದುರಸ್ತಿ ಬರೀ ನೆಪ, ಒಮ್ಮೆ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಸೇರಿಸುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು.

ಮರುದಿನವೂ ಬಂದ. ಅದರ ಮರುದಿನವೂ ಬಂದ. ಬಂದವನು ನೆಟ್ಟಗೆ ಮಾತಾಡಿದ್ದರೆ ಕೇಳಿ!

"ರೂಲ್ಸ್ ಮೇಡಂ, ಈ ಪುಸ್ತಕ ಬರೆದೋರಿಗೆ ಕನ್ನಡ ಬರ್ತಿತ್ತಾ?"

"ನಿಘಂಟು ಪಕ್ಕದ ಕಪಾಟಲ್ಲಿದೆ."

"ಅರ್ಥ ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನಾನು ತಪ್ಪು ಹೇಳಿದ್ರೆ ನನ್ನ ಗಂಟು ಹೋಗಲ್ಲ, ನಿಮ್ಮ ಮನೆ ಹೋಗುತ್ತೆ! ಅದಕ್ಕೇ ಹೇಳಲ್ಲ. ಗೊತ್ತಾಯ್ತಾ?"

ಅವನು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡ. ಅವಳ ದನಿ ಸ್ವಲ್ಪ ಇಳಿಯಿತು. "ಹೇಗೆ ಓದಬೇಕು ಅಂತ ಹೇಳಬಹುದು. ಮೊದಲು 'ಪರಂತು' ಅನ್ನೋ ಪದ ಹುಡುಕಿ. 'ಆದರೆ' ಅಂತ ಅರ್ಥ. ಕಾನೂನು ಒಂದು ಕೈಯಲ್ಲಿ ಕೊಟ್ಟಿದ್ದನ್ನ ಅಲ್ಲಿಂದಲೇ ಕಿತ್ಕೊಳ್ಳೋಕೆ ಶುರು ಮಾಡುತ್ತೆ. ಒಂದೊಂದ್ಸಲ ಕಿತ್ಕೊಂಡಿದ್ದನ್ನ ವಾಪಸ್ಸೂ ಕೊಡುತ್ತೆ."

ಅವನು ಪುಟಗಳ ಮೇಲೆ ಬಗ್ಗಿದ. ಸಂಜೆ ಬಿಸಿಲು ಕಿಟಕಿಯಿಂದ ಜಾರುವ ಹೊತ್ತಿಗೆ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದುನಿಂತ.

"ಇಲ್ನೋಡಿ! 'ದುರಸ್ತಿಗಾಗಿ ತೆರವು ಮಾಡಿಸಬಹುದು. ಪರಂತು, ಬಾಡಿಗೆದಾರನು ಕೋರಿದಲ್ಲಿ, ತರುವಾಯ ಅದೇ ಜಾಗವನ್ನು ಆತನಿಗೆ ಮರಳಿ ಕೊಡತಕ್ಕದ್ದು!' ಕೊಡತಕ್ಕದ್ದು ಅಂದ್ರೆ ಕೊಡಲೇಬೇಕು ಅಂತ ತಾನೇ?"

ಅವಳು ನಿಘಂಟನ್ನು ಅವನ ಮುಂದೆ ತಳ್ಳಿದಳು. ಆದರೆ ತುಟಿಯ ತುದಿಯಲ್ಲಿ ನಗು ನುಸುಳಿಬಿಟ್ಟಿತ್ತು, ಅವನು ಅದನ್ನು ಕಂಡುಬಿಟ್ಟ.

"ಅಯ್ಯೋ, ರೂಲ್ಸ್ ಮೇಡಂಗೆ ನಗೋಕೂ ಬರುತ್ತೆ!"

ಅಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಆ ಮಾತೇ ನೆನಪು. 'ಎಷ್ಟು ಕೊಬ್ಬು ಅವನಿಗೆ...' ಎಂದು ಬೈದುಕೊಳ್ಳುತ್ತಲೇ ಮತ್ತೆ ನಕ್ಕಳು. ಮಾರನೆಯ ದಿನ ಕಿಟಕಿ ಪಕ್ಕದ ಒಳ್ಳೆ ಕುರ್ಚಿಯನ್ನು ಅವನು ಕೂರುವ ಜಾಗಕ್ಕೆ ತಾನೇ ಎಳೆದು ಹಾಕಿದಳು. ಹೊಸ ಆದೇಶ ಬಂದರೆ ತಿಳಿಸಲೆಂದು ಅವನ ವಿಳಾಸವನ್ನೂ ಬರೆಸಿಕೊಂಡಳು. ವಿಳಾಸವನ್ನು ಎಲ್ಲ ಓದುಗರ ಹತ್ತಿರವೂ ಕೇಳುವುದೇ. ಆದರೆ ಎಲ್ಲರ ವಿಳಾಸವೂ ಹೀಗೆ ಬಾಯಿಪಾಠ ಆಗುವುದಿಲ್ಲ, ಅಲ್ಲವೇ?

ಹೀಗಿರುವಾಗ ಒಂದು ಬೆಳಿಗ್ಗೆ ಕಟ್ಟಡದ ಮಾಲೀಕನೇ ಅವಳ ಮೇಜಿನ ಮುಂದೆ ಬಂದು ಕೂತ.

"ಆ ಮೆಷಿನ್ ರಿಪೇರಿಯವನು ದಿನಾ ಇಲ್ಲೇ ಬಿದ್ದಿರ್ತಾನಂತೆ. ಏನು ಓದ್ತಾನೆ?"

"ಒಬ್ಬರು ಓದಿದ್ದನ್ನ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ."

"ನಾನು ಯಾರು ಗೊತ್ತಾ? ಮೇಲಿನವರಿಗೆ ಒಂದು ದೂರು ಕೊಟ್ಟರೆ ಈ ಕುರ್ಚಿ ಇರಲ್ಲ!"

"ದೂರು ಯಾರಿಗೆ ಕೊಡಬೇಕು ಅಂತ ಬೇಕಿದ್ರೆ ಆ ವಿಳಾಸ ಕೊಡ್ತೀನಿ. ಅದು ಮಾಹಿತಿ."

ಮಾಲೀಕ ಹಲ್ಲು ಕಚ್ಚಿದ. ಕೊನೆಗೆ ಬಾಡಿಗೆ ಕಾಯ್ದೆ ತೋರಿಸಿ ಎಂದ. ಅವಳು ತೋರಿಸಿದಳು. ಅದೇ ಪುಸ್ತಕ, ಅದೇ ತಾಳ್ಮೆ. ಅರ್ಥವಾಗದೆ ಅವನು ತಡಕಾಡಿದಾಗ, "ಮೊದಲು 'ಪರಂತು' ಹುಡುಕಿ," ಎಂದು ಪುಟದ ಮೇಲೆ ಬಗ್ಗಿ ಹೇಳಿದಳು.

ಸರಿಯಾಗಿ ಅದೇ ಗಳಿಗೆಗೆ ಬಾಗಿಲಲ್ಲಿ ಆ ಸಿಡಿಮದ್ದು ನಿಂತಿದ್ದ!

ಮಾಲೀಕ ಎದ್ದು ಹೋಗುವವರೆಗೂ ಅವನು ಕಾದ. ಮುಖ ಸುಣ್ಣವಾಗಿತ್ತು.

"ನನಗೆ ಹೇಳಿಕೊಟ್ಟಿದ್ದನ್ನೇ ಅವನಿಗೂ ಹೇಳಿಕೊಟ್ರಿ!"

"ಇದು ಎಲ್ಲರ ಗ್ರಂಥಾಲಯ. ಬಂದವರಿಗೆಲ್ಲ ತೋರಿಸ್ತೀನಿ."

"ಏನು ಕೇಳಿದ ಅವನು?"

"ಹೇಳೋ ಹಾಗಿಲ್ಲ."

"ನಾನೇನು ಓದ್ದೆ ಅಂತ ಹೇಳಿದ್ರಾ?"

"ಇಲ್ಲ."

"ಸುಳ್ಳು! ನಾನು ಹುಡುಕಿದ ಪುಟವೇ ಅವನ ಮುಂದೆ ತೆರೆದಿತ್ತು!" ಅವನ ದನಿ ಇಡೀ ಗ್ರಂಥಾಲಯಕ್ಕೆ ಕೇಳಿಸಿತು. "ನನಗೂ ನಗು, ಅವನಿಗೂ ನಗು... ಎರಡು ದೋಣಿ ಮೇಲೆ ಕಾಲು! ಎಷ್ಟು ಕೊಟ್ಟ ಮೇಡಂ? ನನ್ನ ಮನೇನ ಎಷ್ಟಕ್ಕೆ ಮಾರಿದ್ರಿ?"

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ನಡೆದದ್ದನ್ನು ಹೇಳಿದ್ದರೆ ಒಂದು ನಿಮಿಷದಲ್ಲಿ ಎಲ್ಲ ಸರಿಹೋಗುತ್ತಿತ್ತು. 'ಹೇಳಿಬಿಡಲಾ? ಅವನು ಹೆದರಿಸಿದ, ನಾನು ಬಾಯಿ ಬಿಡಲಿಲ್ಲ ಅಂತ...' ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡಳು. ಇವನ ಗುಟ್ಟು ಕಾದವಳು ಮಾಲೀಕನ ಗುಟ್ಟನ್ನೂ ಕಾಯಬೇಕು. ಇಲ್ಲದಿದ್ದರೆ ಆ ಕುರ್ಚಿಗೆ ಬೆಲೆಯೇ ಇಲ್ಲ.

"ಹೊರಗೆ ಹೋಗಿ," ಎಂದಳು.

"ಹೋಗ್ತೀನಿ! ಇನ್ನು ಈ ಮೆಟ್ಟಿಲು ಹತ್ತಿದ್ರೆ ಕೇಳಿ!"

ಅವನು ಹೋದ. ಅವಳು ಪುಸ್ತಕಗಳ ಕಪಾಟಿನ ಹಿಂದೆ ನಿಂತು ಸದ್ದಿಲ್ಲದೆ ಅತ್ತಳು. ಗ್ರಂಥಾಲಯದವರು ಅಳುವುದೂ ನಿಯಮ ಪಾಲಿಸಿಯೇ, ಪಾಪ!

ಅವನು ಮತ್ತೆ ಬರಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಾರ್ಯಾರೋ ಕೂತರು, ಅವಳಿಗೆ ಅವರ ಮೇಲೆಲ್ಲ ಸುಮ್ಮಸುಮ್ಮನೆ ಸಿಟ್ಟು ಬಂತು. 'ಬರದಿದ್ದರೆ ಬೇಡ, ನನಗೇನು!' ಎಂದುಕೊಂಡಳು. ಆದರೂ ಬಾಗಿಲು ಕಿರ್ ಎಂದಾಗಲೆಲ್ಲ ಕಣ್ಣು ಅತ್ತಲೇ ಹೋಗುತ್ತಿತ್ತು. ಮರ್ಯಾದೆ ಇಲ್ಲದ ಕಣ್ಣು!

ವಿಚಾರಣೆಯ ಹಿಂದಿನ ದಿನ ಟಪಾಲಿನಲ್ಲಿ ಹೊಸ ಗೆಜೆಟ್ ಬಂತು. ಬಿಡಿಸಿದವಳು ಒಂದು ಸಾಲನ್ನು ಎರಡೆರಡು ಸಲ ಓದಿದಳು. ಮರಳಿ ಜಾಗ ಬೇಕೆಂಬ ಕೋರಿಕೆಯನ್ನು ಇನ್ನು ಮುಂದೆ ವಿಚಾರಣೆಗೆ ಮೊದಲೇ ಬರಹದಲ್ಲಿ ಸಲ್ಲಿಸಬೇಕು, ವಿಚಾರಣೆಯಲ್ಲಿ ಬಾಯಿಮಾತಿನಲ್ಲಿ ಕೇಳಿದರೆ ನಡೆಯದು! ಅಂಚೆಯಲ್ಲಿ ಕಳಿಸಿದರೆ ಅವನಿಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

'ನನ್ನನ್ನ ಮಾರಿಕೊಂಡವಳು ಅಂದವನಿಗೆ ನಾನೇ ಹೋಗಿ ಕೊಡಲಾ?' ಎಂದು ಮನಸ್ಸು ಮುಷ್ಕರ ಹೂಡಿತು. ಆದರೂ ಕಾಲು ನಡೆಯಿತು. ಊಟದ ಬಿಡುವಿನಲ್ಲಿ ಗೆಜೆಟ್ಟಿನ ಜೆರಾಕ್ಸ್ ಮಾಡಿಸಿಕೊಂಡು ಅವನ ಅಂಗಡಿಗೆ ಹೋದಳು.

ಅವನು ಮೆಷಿನ್ನಿನ ಹೊಟ್ಟೆಯೊಳಗೆ ಕೈ ಹಾಕಿದ್ದ. ತಲೆ ಎತ್ತಲಿಲ್ಲ.

"ಇಲ್ಲಿ ಮಾಹಿತಿ ಸಿಗಲ್ಲ. ಬರೀ ಸೂಜಿ ಸಿಗುತ್ತೆ."

"ಹೊಸ ಗೆಜೆಟ್. ಇವತ್ತೇ ಓದಿ."

"ಅವನಿಗೂ ಕೊಟ್ಟಾಯ್ತಾ?"

"ಈ ವಿಷಯ ಕೇಳಿದವರಿಗೆಲ್ಲ ತಿಳಿಸೋದು ನನ್ನ ಕೆಲಸ. ಯಾರಿಗೆ ಅಂತ ಹೇಳೋ ಹಾಗಿಲ್ಲ."

"ಮಹಾತಾಯಿ! ಕೈ ಮುಗೀತೀನಿ, ಹೋಗಿ!"

"ಹೋಗ್ತೀನಿ. ನಿಮ್ಮ ಮುಖ ನೋಡೋಕೆ ಬಂದಿಲ್ಲ!"

ಅವಳು ಹಾಗೆಂದು ಅವನ ಮುಖವನ್ನೇ ಒಂದು ಕ್ಷಣ ನೋಡಿ, ಕಣ್ಣಲ್ಲಿ ನೀರು ತುಂಬಿದ್ದಕ್ಕೆ ತನ್ನ ಮೇಲೇ ಸಿಟ್ಟಾಗಿ, ಹಾಳೆಯನ್ನು ಮೆಷಿನ್ ಮೇಲಿಟ್ಟು ತಿರುಗಿ ನಡೆದಳು. ಅದೇ ಬಿಡುವಿನಲ್ಲಿ ಅವಳು ಇನ್ನೊಂದು ಮನೆಗೂ ಹೋಗಿದ್ದಳು. ಯಾರ ಮನೆ ಎಂದು ನಾನೂ ಹೇಳುವ ಹಾಗಿಲ್ಲ. ನೀವು ಊಹಿಸಿದ್ದೀರಿ ಬಿಡಿ.

ಮೂಲೆಯಲ್ಲಿದ್ದ ಚಿಕ್ಕಮ್ಮ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟಳು.

"ಲೋ, ಬುದ್ಧಿ ಇದೆಯೇನೋ ನಿನಗೆ? ಊಟ ಬಿಟ್ಟು ಈ ಬಿಸಿಲಲ್ಲಿ ಬಂದಿದ್ದಾಳೆ ಹುಡುಗಿ. ಒಂದು ಲೋಟ ನೀರಾದ್ರೂ ಕೊಟ್ಯಾ?"

"ನಿನಗೆ ಗೊತ್ತಿಲ್ಲ ಸುಮ್ನಿರು ಚಿಕ್ಕಮ್ಮ. ಅವಳು ಅವನ ಕಡೆಯವಳು."

"ಅವನ ಕಡೆಯವಳಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ಲು, ನಿನ್ನ ಚಂದ ನೋಡೋಕಾ? ತೆಗೆದು ಓದೋ ಮೊದಲು!"

ಓದಿದ. ಓದುತ್ತ ಓದುತ್ತ ಅವನ ಬೆನ್ನು ನೆಟ್ಟಗಾಯಿತು. ಕೈ ಸಹ ತೊಳೆಯದೆ ಕಾನೂನು ನೆರವು ಕೇಂದ್ರಕ್ಕೆ ಓಡಿದ. ಅಲ್ಲಿಯ ವಕೀಲರು ಕೋರಿಕೆ ಬರೆಸಿ, ಕಚೇರಿ ಮುಚ್ಚುವ ಮೊದಲೇ ಸಲ್ಲಿಸಿದರು.

ಮರುದಿನ ಅಧಿಕಾರಿ ಇಬ್ಬರ ಮಾತನ್ನೂ ಕೇಳಿದರು. ದುರಸ್ತಿ ನಡೆಯಲಿ, ಅದು ಮುಗಿದ ಕೂಡಲೇ ಅದೇ ಅಂಗಡಿ, ಅದೇ ಮನೆಯನ್ನು ಇವರಿಗೇ ಬಿಟ್ಟುಕೊಡಬೇಕು ಎಂದು ಆದೇಶ ಬರೆಸಿದರು. ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಹೊರಗೆ ಮೊಗಸಾಲೆಯಲ್ಲಿ ಮಾಲೀಕ ಅವನ ಮೇಲೆ ಎಗರಿದ.

"ಆ ಲೈಬ್ರರಿಯವಳಿಗೆ ಏನು ಮಂಕುಬೂದಿ ಎರಚಿದ್ದೀಯೋ? ನೀನೇನು ಓದ್ತೀಯ ಅಂತ ಕೇಳಿದ್ರೆ ಬಾಯೇ ಬಿಡಲಿಲ್ಲ! ಕುರ್ಚಿ ಕಿತ್ತು ಹಾಕಿಸ್ತೀನಿ ಅಂದ್ರೆ, ದೂರು ಕೊಡೋ ವಿಳಾಸ ಬರೆದುಕೊಡ್ತೀನಿ ಅಂತಾಳೆ!"

ಅವನು ನಿಂತಲ್ಲೇ ಕಲ್ಲಾದ. 'ಎಷ್ಟಕ್ಕೆ ಮಾರಿದ್ರಿ ಅಂದೆನಲ್ಲ... ಅವಳನ್ನ... ಎಲ್ಲರ ಮುಂದೆ...'

"ನಿಂತಿದ್ದೀಯಲ್ಲೋ ಕಂಬದ ಥರ!" ಚಿಕ್ಕಮ್ಮ ಬೆನ್ನಿಗೆ ಗುದ್ದಿದಳು. "ಓಡು! ಆ ಹುಡುಗಿ ಕ್ಷಮಿಸೋವರೆಗೂ ಮನೆಗೆ ಬರಬೇಡ!"

ಓಡಿದ. ಹತ್ತುವುದಿಲ್ಲ ಎಂದಿದ್ದ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದ. ಅವಳು ತಲೆ ಎತ್ತಿದಳು. ಎದೆ ಡವಡವ ಎನ್ನುತ್ತಿತ್ತು, ಮುಖ ಮಾತ್ರ ಗಂಟು.

"ಏನು ಮಾಹಿತಿ ಬೇಕಿತ್ತು?"

"ಮನೆ ಉಳೀತು," ಎಂದ ಏದುಸಿರು ಬಿಡುತ್ತ. ಅವಳ ಮುಖ ಒಂದು ಕ್ಷಣ ಅರಳಿ ಮತ್ತೆ ಗಂಟಾಯಿತು.

"ಸಂತೋಷ. ಮತ್ತೇನಾದ್ರೂ?"

ಅವನು ಬಗ್ಗಿ ಪಿಸುಗುಟ್ಟಿದ. "ತಪ್ಪಾಯ್ತು. ನಾನು ಅವತ್ತು..."

"ಕೇಳಿಸ್ತಿಲ್ಲ."

"ತಪ್ಪಾಯ್ತು ಅಂದೆ."

"ಅವತ್ತು ಇಡೀ ಗ್ರಂಥಾಲಯಕ್ಕೆ ಕೇಳೋ ಹಾಗೆ ಬೈದ್ರಿ. ಇವತ್ತು ಕಿವಿಯಲ್ಲಿ ಕ್ಷಮೆ ಕೇಳ್ತೀರಾ?" ಅವಳ ದನಿ ಒಡೆಯಿತು. "ಆಮೇಲೆ ನಾನು ದಿನಾ ಇದೇ ಕುರ್ಚಿಯಲ್ಲಿ ಕೂತೆ. ಎಲ್ಲರೂ ನನ್ನನ್ನ ಹೇಗೆ ನೋಡಿದ್ರು ಗೊತ್ತಾ ನಿಮಗೆ?"

ಅವನು ನೆಟ್ಟಗೆ ನಿಂತ. ಓದುಗರ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ.

"ಎಲ್ಲರೂ ಕೇಳಿ! ಇವರು ಯಾರಿಗೂ ಮಾರಿಕೊಂಡಿಲ್ಲ! ನಾನು ಹೇಳಿದ್ದು ಸುಳ್ಳು! ಇಂಥವರು ಈ ಕುರ್ಚಿಯಲ್ಲಿ ಇಲ್ಲದಿದ್ರೆ ನಾನು ಇವತ್ತು ಬೀದಿಯಲ್ಲಿರ್ತಿದ್ದೆ! ತಪ್ಪು ನಂದು!"

"ಶ್!" ಎಂದರು ನಾಲ್ಕಾರು ಓದುಗರು ಒಟ್ಟಿಗೆ. ಅವಳು ಅಳುತ್ತ ಅಳುತ್ತಲೇ ನಕ್ಕುಬಿಟ್ಟಳು.

"ಸಾಕು, ಸಾಕು... ಕೂತ್ಕೊಳ್ಳಿ."

ಅವನು ಕೂರಲಿಲ್ಲ. ಮೇಜಿನ ಅಂಚು ಹಿಡಿದು ನಿಂತ.

"ಇನ್ಮೇಲೆ ಕೇಸ್ ಇಲ್ಲ. ಓದೋದೂ ಇಲ್ಲ. ಇಲ್ಲಿಗೆ ಬರೋಕೆ ನೆಪಾನೂ ಇಲ್ಲ. ಆದ್ರೆ ಬರದೇ ಇದ್ದ ಅಷ್ಟು ದಿನ... ಒಂದು ಮೆಷಿನ್ನೂ ಸರಿಯಾಗಿ ಜೋಡಿಸೋಕಾಗಲಿಲ್ಲ ನನಗೆ. ಮೊದಲ ದಿನ ಕೇಳಿದ ಹಾಗೇ ಕೇಳ್ತೀನಿ. ನಾನು ಬರಬೇಕಾ, ಬೇಡ್ವಾ? ಒಂದೇ ಮಾತು ಹೇಳಿ."

"ಸಲಹೆ ಕೊಡೋ ಹಾಗಿಲ್ಲ," ಎಂದಳು ಅಭ್ಯಾಸಬಲದಿಂದ.

ಅವನ ಮುಖ ಬಾಡಿತು. ತಲೆ ತಗ್ಗಿಸಿ ಹೊರಟ. ಅವನು ಬಾಗಿಲು ಮುಟ್ಟುವಷ್ಟರಲ್ಲಿ, ಯಾವತ್ತೂ ದನಿ ಎತ್ತದ ಆ ಹುಡುಗಿ ಇಡೀ ಗ್ರಂಥಾಲಯಕ್ಕೆ ಕೇಳುವಂತೆ ಕೂಗಿದಳು.

"ಬನ್ನಿ!"

ಈ ಸಲ ಯಾರೂ 'ಶ್' ಎನ್ನಲಿಲ್ಲ.

ಅವನು ನಿಧಾನವಾಗಿ ತಿರುಗಿ ಬಂದ. "ಇದು ಮಾಹಿತಿನಾ, ಸಲಹೆನಾ?"

"ಎರಡೂ ಅಲ್ಲ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಆಸೆ."

ಅವನು ಮೇಜಿನಾಚೆಗೆ ಕೈ ಚಾಚಿ, ಉಗುರಿನ ಕಪ್ಪು ಕಂಡು ತಟ್ಟನೆ ಹಿಂದಕ್ಕೆಳೆದುಕೊಂಡ. "ತೊಳ್ಕೊಂಡು ಬರ್ತೀನಿ ತಾಳಿ..."

"ಅದು ಪುಸ್ತಕಕ್ಕೆ ಮಾತ್ರ," ಎಂದು ಅವಳೇ ಆ ಕೈ ಹಿಡಿದಳು.